ದೊಡ್ಡಪ್ಪನಿಗೂ ಒಂದು ಚೀಟಿ

ಸ್ನೇಹಿತರೇ, ತರಗತಿಗೆ ಮೊದಲಿಗಳಾಗಿ ಕಲಿತ ನನ್ನ ವಿದ್ಯೆಯನ್ನು ಇಂದು ದೊಡ್ಡಪ್ಪ ಒಂದೇ ಮಾತಿನಲ್ಲಿ ನಿಲ್ಲಿಸಿಬಿಟ್ಟರು.

ಗದ್ವಾಲಿನಲ್ಲಿ ನಾನು ಕೆಲಸ ಮಾಡುವ ಬೆನ್ನುಮೂಳೆಯ ಚಿಕಿತ್ಸಾಲಯಕ್ಕೆ ಅವರು ದೊಡ್ಡಮ್ಮನನ್ನು ಕರೆತಂದಿದ್ದರು. ಇಬ್ಬರೂ ಒಂದೇ ಮಗ್ಗದಲ್ಲಿ ಸೀರೆ ನೇಯುವವರು. ಸೊಂಟನೋವಿನಿಂದ ದೊಡ್ಡಮ್ಮನಿಗೆ ನಿದ್ರೆಯಿಲ್ಲ. ಹೀಗೇ ಮುಂದುವರಿದರೆ ನೇಯ್ಗೆಯನ್ನೇ ಬಿಡಬೇಕಾದೀತೆಂಬ ಭಯ.

“ಟಕ್ ಅಂತ ಒಮ್ಮೆ ಎಲುಬು ಕೂಡಿಸಿ ಕಳಿಸವ್ವಾ. ಸೀರಿ ಮಗ್ಗದ ಮ್ಯಾಲೈತಿ,” ಎಂದರು ದೊಡ್ಡಪ್ಪ.

ನಾವು ಬೆನ್ನು ಮುಟ್ಟುವ ಮೊದಲು ಊಟ, ನಿದ್ರೆ, ಮನಸ್ಸು ಎಲ್ಲವನ್ನೂ ವಿಚಾರಿಸುತ್ತೇವೆ. ಮನಸ್ಸಿಗೆ ಭಾರವೇನಾದರೂ ಇದೆಯೇ ಎಂದು ಕೇಳಿದೆ. ದೊಡ್ಡಮ್ಮ ದೊಡ್ಡಪ್ಪನತ್ತ ಕೈ ತೋರಿಸಿದರು.

ಪರೀಕ್ಷಿಸಿದ ಮೇಲೆ, ಅರ್ಧ ಗಂಟೆಗೊಮ್ಮೆ ಮಗ್ಗದಿಂದೆದ್ದು ನಾಲ್ಕು ಹೆಜ್ಜೆ ನಡೆಯಬೇಕೆಂದು ಚೀಟಿಯಲ್ಲಿ ಬರೆದೆ.

“ಹೆಂಗ ಏಳತಾಳವ್ವಾ? ಸೀರಿಗೆ ಅಂಚು ಕೂಡಿಸಾಕ ಇಬ್ಬರೂ ಬಾಜೂಬಾಜೂಕ ಕುಂದ್ರಬೇಕು. ಆಕಿ ಎದ್ದರ ನನ್ನ ಕೈನೂ ನಿಂತಂಗ. ನಿನ್ನ ಪುಸ್ತಕದಾಗ ಇದನ್ನ ಬರದಿಲ್ಲೇನು?”

ನಿಜಕ್ಕೂ ಬರೆದಿರಲಿಲ್ಲ. ಆದರೆ ಸೋಲೊಪ್ಪುವ ಅಭ್ಯಾಸ ನನಗಿಲ್ಲ. ಇನ್ನೊಂದು ಚೀಟಿ ತೆಗೆದು ದೊಡ್ಡಪ್ಪನ ಹೆಸರು ಬರೆದೆ.

“ನನಗೇನಾಗೇತಿ?”

ಬಗ್ಗಿ ಪಾದ ಮುಟ್ಟುವಂತೆ ಹೇಳಿದೆ. ಕೈ ಮೊಣಕಾಲಿನಿಂದ ಕೆಳಗಿಳಿಯಲೇ ಇಲ್ಲ. ಅವರಿಗೂ ಅದೇ ಚಿಕಿತ್ಸೆ ಬರೆದೆ: ಇಬ್ಬರೂ ಒಟ್ಟಿಗೆ ಏಳಬೇಕು, ಒಟ್ಟಿಗೆ ನಡೆಯಬೇಕು.

ದೊಡ್ಡಪ್ಪ ಗೊಣಗುತ್ತಲೇ ಚೀಟಿಯನ್ನು ಜೇಬಿಗಿಟ್ಟುಕೊಂಡರು. ದೊಡ್ಡಮ್ಮ ಸೊಂಟ ಹಿಡಿದುಕೊಂಡೇ ನಕ್ಕರು:

“ಲಗ್ನಾಗಿ ಇಷ್ಟು ವರ್ಷಾತು. ಇವರ ಜೋಡಿ ನಾಲ್ಕು ಹೆಜ್ಜಿ ನಡಿಯಾಕ ಡಾಕ್ಟರ ಚೀಟಿ ಬೇಕಾತು ನೋಡವ್ವಾ!”