ತೂರುನ್ ಕಣ್ಣಿಗೆ ಬಿದ್ದವರು

ನನ್ನ ತಂಗಿ ತೂರುನ್ ಜಂಬದ ಕೋಳಿ ಎಂದು ನಮ್ಮ ದ್ವೀಪದ ಅರ್ಧ ಜನ ನಂಬಿದ್ದರು. ಉಳಿದರ್ಧ ಜನಕ್ಕೆ ಅವಳ ಪರಿಚಯವೇ ಇರಲಿಲ್ಲ. ಎದುರಿಗೆ ಸಿಕ್ಕರೆ ನಗುವುದಿಲ್ಲ, ದೋಣಿಕಟ್ಟೆಯಿಂದ ಕೈಬೀಸಿದರೆ ತಿರುಗಿ ಬೀಸುವುದಿಲ್ಲ. ಮೀನಿನ ಕಾರ್ಖಾನೆಯಲ್ಲಿ ಮಾತ್ರ ಅವಳ ಸಮಕ್ಕೆ ನಿಲ್ಲುವವರಿಲ್ಲ. ಕಾಡ್ ಎಂಬ ಕಡಲ ಮೀನಿನ ಮೈಯಲ್ಲಿ ಅಡಗಿದ ಸಣ್ಣ ಮುಳ್ಳನ್ನೂ ಬೆರಳಿನಿಂದಲೇ ಹುಡುಕಿ ಕಿತ್ತುಬಿಡುತ್ತಾಳೆ.

ನಿಜ ಏನೆಂದರೆ ಅವಳಿಗೆ ಕಾಣಿಸುತ್ತಿರಲಿಲ್ಲ. ಹರೆಯದಿಂದಲೇ ಅವಳ ಕಣ್ಣಿನ ಮುಂದಿನ ತಿಳಿಯಾದ ಪೊರೆ ತೆಳುವಾಗಿ, ಚೂಪಾಗಿ ಮುಂದಕ್ಕೆ ಉಬ್ಬುತ್ತಾ ಬಂದಿತ್ತು. ಎಂಥ ಕನ್ನಡಕ ಹಾಕಿದರೂ ಮುಖಗಳು ಕಲಸಿಹೋಗುತ್ತಿದ್ದವು. ಅದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ನನ್ನ ಬಾಯಿಗೂ ಆಣೆಯ ಬೀಗ ಹಾಕಿಸಿದ್ದಳು. ಈ ಹಾಳು ಅಭಿಮಾನ ನಮ್ಮಪ್ಪನ ಕಡೆಯಿಂದ ಬಂದದ್ದು. ನನಗೂ ಇದೆ, ಆದರೆ ನನ್ನ ಕಣ್ಣು ಚೆನ್ನಾಗಿದೆ.

ನಾರ್ವೆಯಲ್ಲಿ ಕಣ್ಣು ಕಾಣದಿದ್ದರೂ ಬದುಕಬಹುದು, ಯಾರು ಎದುರಿಗೆ ಬಂದರೆಂದು ತಿಳಿಯದೆ ಬದುಕುವುದು ಕಷ್ಟ. ಒಬ್ಬರ ಮನೆಯಲ್ಲಿ ಉಂಡು ಬಂದಿರೋ, ಮುಂದಿನ ಸಲ ಅವರು ಸಿಕ್ಕಾಗ ಮೊದಲ ಮಾತು ‘ಹೋದ ಸಲಕ್ಕೆ ಥ್ಯಾಂಕ್ಸ್’ ಎಂದೇ ಇರಬೇಕು. ಹವಾಮಾನ, ಮಂಡಿನೋವು ಎಲ್ಲ ಆಮೇಲೆ. ಮರೆತವರನ್ನು ಜನ ಮರೆಯುವುದಿಲ್ಲ. ತೂರುನ್ ಇದಕ್ಕೊಂದು ಉಪಾಯ ಹುಡುಕಿಕೊಂಡಿದ್ದಳು. ಆಕಾರ, ಕೋಟಿನ ಬಣ್ಣ ನೋಡಿ ಅಂದಾಜು ಕಟ್ಟಿ, ಬಾಣ ಬಿಟ್ಟಂತೆ ಥ್ಯಾಂಕ್ಸ್ ಹೇಳಿಬಿಡುವುದು. ಒಮ್ಮೆ ದಾರಿ ಕೇಳಲು ಬಂದ ಜರ್ಮನಿಯ ಪ್ರವಾಸಿಗೂ ಹೇಳಿದ್ದಳು. ಪಾಪ, ಅವನು ಗಾಬರಿಯಾಗಿ ಹೆಂಡತಿಯ ಮುಖ ನೋಡಿದ.

ನಗುತ್ತಿದ್ದೆವು. ಆ ವಸಂತದಲ್ಲಿ ನಗು ನಿಂತಿತು.

ಹೇರ್ದಿಸ್ ಅವಳ ಬಾಲ್ಯದ ಗೆಳತಿ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹೇರ್ದಿಸ್ ಗಂಡ ಇಂಗ್ವಾಲ್ಡ್ ತೀರಿಕೊಂಡು ಇನ್ನೂ ಸಮಾಧಿಯ ಮೇಲಿನ ಹೂವು ಬಾಡಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಹಳದಿ ಮಳೆಕೋಟು ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಹಳದಿ ಕೋಟು ಎಂದರೆ ಗುದ್‌ವೇಗ್ ಎಂದುಕೊಂಡಳು ನನ್ನ ತಂಗಿ. ಹಿಂದಿನ ವಾರವಷ್ಟೇ ಗುದ್‌ವೇಗ್ ಮನೆಯಲ್ಲಿ ಏಡಿಯ ಊಟ ಮುಗಿಸಿ ಬಂದಿದ್ದಳು.

"ಹೋದ ಸಲಕ್ಕೆ ಥ್ಯಾಂಕ್ಸ್ ಕಣೇ! ಈ ವರ್ಷ ನಾನು ಅಷ್ಟು ನಕ್ಕೇ ಇರ್ಲಿಲ್ಲ!" ಎಂದಳು.

ಹಿಂದೆಯೇ ಬರುತ್ತಿದ್ದ ನಾನು ನೋಡಿದರೆ, ಆ ಕೋಟಿನೊಳಗಿದ್ದವಳು ಹೇರ್ದಿಸ್. ಅವರಿಬ್ಬರೂ ಹೋದ ಸಲ ಸೇರಿದ್ದು ಇಂಗ್ವಾಲ್ಡನನ್ನು ಮಣ್ಣು ಮಾಡಿದ ದಿನ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇರ್ದಿಸ್ ಬೆನ್ನು ತಿರುಗಿಸಿ ಹೊರಟುಹೋದಳು. ನಾನು ಆಣೆಯನ್ನು ಗಾಳಿಗೆ ತೂರಿ ಅವಳ ಮನೆಗೆ ಓಡಿದೆ. "ತೂರುನ್‌ಗೆ ಕಣ್ಣು ಕಾಣಲ್ಲ ಹೇರ್ದಿಸ್, ನಿನ್ನಾಣೆ," ಎಂದೆ.

"ಮೀನಿನ ಮುಳ್ಳು ಕಾಣುತ್ತೆ, ನಾನು ಕಾಣಲ್ವಾ?" ಎಂದಳು ಅವಳು. "ಹೋಗೇ ಸಿಗ್ನಿ, ತಂಗಿ ಪರವಾಗಿ ಕಥೆ ಕಟ್ಬೇಡ." ಬಾಗಿಲು ಹಾಕಿಕೊಂಡಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮರುದಿನ ತೂರುನ್ ನನ್ನ ಅಡುಗೆಮನೆಯಲ್ಲಿ ಕೂತು, "ಅಕ್ಕ, ಕಣ್ಣಿನವನ ಹತ್ರ ಕರ್ಕೊಂಡು ಹೋಗು. ಹೇರ್ದಿಸ್ ಇಲ್ದೆ ನನಗಾಗಲ್ಲ," ಎಂದಳು. ವರ್ಷಗಟ್ಟಲೆ ನಾನು ಗೋಗರೆದರೂ ಒಪ್ಪದವಳು!

ಆಚೆ ದಡದ ಪಟ್ಟಣದ ಶೆತಿಲ್, ಕಣ್ಣಿಗೆ ಲೆನ್ಸ್ ಕೂರಿಸುವವನು. ಗಡ್ಡ ಮಾತ್ರ ದೊಡ್ಡದು, ದನಿ ಮೆತ್ತಗೆ. ಯಂತ್ರದಲ್ಲಿ ಅವಳ ಕಣ್ಣಿನ ಚಿತ್ರ ತೆಗೆದು ನಮಗೂ ತೋರಿಸಿದ. ಉಬ್ಬಿದ ಜಾಗ ಅದರ ನಡುವೆ ಕೆಂಪಗೆ ಒಂದು ಗುಡ್ಡದ ಹಾಗೆ ಕಾಣುತ್ತಿತ್ತು. "ಇಷ್ಟು ವರ್ಷ ಇದನ್ನಿಟ್ಕೊಂಡು ಹೇಗಮ್ಮ ನಡೆದಾಡಿದ್ರಿ?" ಎಂದು ಕೇಳಿದ. ಜಂಬದ ಕೋಳಿ ಎನ್ನದೆ ಹಾಗೆ ಕೇಳಿದವನು ಅವನೊಬ್ಬನೇ. ತೂರುನ್ ಕಣ್ಣೊರೆಸಿಕೊಂಡಳು.

ಮೊದಲು ಮೆತ್ತನೆಯ ಲೆನ್ಸ್ ಹಾಕಿ ನೋಡಿದ. ಅದು ಗುಡ್ಡದ ಮೇಲೆ ಒದ್ದೆ ಬಟ್ಟೆಯ ಹಾಗೆ ಗುಡ್ಡದ ಆಕಾರಕ್ಕೇ ಕೂತುಬಿಟ್ಟಿತು, ನೋಟ ಒಂದಿಷ್ಟೂ ತಿಳಿಯಾಗಲಿಲ್ಲ. ಆಮೇಲೆ ಗಟ್ಟಿಯಾದ ಪುಟ್ಟ ಲೆನ್ಸ್. ಅದನ್ನು ಹಾಕಿದ್ದೇ ತಡ, ಇವಳು ಹೌಹಾರಿ ಕುರ್ಚಿಯಿಂದ ಎದ್ದಳು. "ಮರಳು ಹಾಕಿದ್ಯೇನಯ್ಯಾ ಕಣ್ಣಿಗೆ?" ಎಂದು ಬೈದಳು. ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನೆಲಕ್ಕೆ ಬಿತ್ತು. ನಾನೂ ಶೆತಿಲನೂ ಮೊಣಕಾಲೂರಿ ಹುಡುಕಿದೆವು.

ಕೊನೆಗೆ ಬಟ್ಟಲಿನಂಥ ದೊಡ್ಡ ಲೆನ್ಸ್ ತೆಗೆದ. ಇದು ಕಪ್ಪುಗುಡ್ಡೆಯನ್ನು ಮುಟ್ಟುವುದೇ ಇಲ್ಲ, ಸುತ್ತಲಿನ ಬಿಳಿಯ ಮೇಲೆ ಕೂರುತ್ತದೆ, ನಡುವಿನ ಜಾಗದಲ್ಲಿ ಉಪ್ಪುನೀರು ನಿಲ್ಲುತ್ತದೆ. ಬಟ್ಟಲಿಗೆ ನೀರು ತುಂಬಿ, ಅವಳ ತಲೆ ಬಗ್ಗಿಸಿ, ಕೆಳಗಿನಿಂದ ಕಣ್ಣಿಗೆ ಒತ್ತಿದ. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತು. ತೆಗೆದು ಮತ್ತೆ ಹಾಕಿದ. ನೀಲಿ ದೀಪ ಬಿಟ್ಟು, ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂದು ನೋಡಿ, ಬೇರೆ ಅಳತೆಯದು ಹಾಕಿದ. ಅದೂ ಸರಿಯಿಲ್ಲವೆಂದು ಇನ್ನೊಂದು. ಒಂದಿಷ್ಟೂ ಮುಖ ಗಂಟಿಕ್ಕಲಿಲ್ಲ. ನಾನಾಗಿದ್ದರೆ ಇವಳ ಕೂಗಾಟಕ್ಕೆ ಬಟ್ಟಲನ್ನೇ ಎಸೆಯುತ್ತಿದ್ದೆ.

ಆಮೇಲೆ ತೂರುನ್ ತಲೆ ಎತ್ತಿ ನನ್ನ ಕಡೆ ತಿರುಗಿದಳು. ನೋಡಿದಳು, ನೋಡಿಯೇ ನೋಡಿದಳು.

"ಅಯ್ಯೋ ಅಕ್ಕಾ, ನಿನಗೆ ಇಷ್ಟು ವಯಸ್ಸಾಗೋಯ್ತಾ!"

"ಕಣ್ಣು ಬಂದ ತಕ್ಷಣ ಕೊಬ್ಬೂ ಬಂತು ನೋಡು," ಎಂದೆ. ಅಷ್ಟು ಹೇಳಿ ಇಬ್ಬರೂ ಅತ್ತೆವು. ಶೆತಿಲ್ ನಮಗೆ ಕಾಫಿ ತರುವ ನೆವದಲ್ಲಿ ಹೊರಗೆ ಹೋದ. ಅವನ ಹೊಟ್ಟೆ ತಣ್ಣಗಿರಲಿ.

ಅವಳ ಅಳತೆಯ ಲೆನ್ಸ್ ತಯಾರಾಗಿ ಬಂದಾಗ ಮತ್ತೆ ಹೋದೆವು. ತಾನೇ ಹಾಕಿ ತೆಗೆಯಲು ಕಲಿಯದ ಹೊರತು ಮನೆಗೆ ಕಳಿಸುವುದಿಲ್ಲ ಎಂದ ಶೆತಿಲ್. ಮೇಜಿನ ಮೇಲೆ ಕನ್ನಡಿ ಮಲಗಿಸಿದ. ಕನ್ನಡಿಯಲ್ಲಿ ಬೆರಳು ಕಣ್ಣಿನ ಹತ್ತಿರ ಬಂದಂತೆ ಇವಳು ತಲೆ ಹಿಂದಕ್ಕೆಳೆಯುತ್ತಾಳೆ, ನೀರು ಚೆಲ್ಲುತ್ತದೆ. ಬೆಳಗು ಕಳೆದು ಮಧ್ಯಾಹ್ನವಾಯಿತು. "ಆಗಲ್ಲ ಬಿಡು, ನನ್ನ ಹಣೇಲಿ ಬರೆದಿಲ್ಲ," ಎಂದು ಕೋಟು ಕೈಗೆತ್ತಿಕೊಂಡಳು.

"ಹೋಗು, ಹೋಗಿ ಆ ಜರ್ಮನ್‌ಗೆ ಥ್ಯಾಂಕ್ಸ್ ಹೇಳ್ಕೊಂಡು ಕೂತಿರು!" ಎಂದು ನಾನು ಕಿರುಚಿದೆ. "ಹೇರ್ದಿಸ್ ಇಲ್ದೆ ಆಗಲ್ಲ ಅಂದವಳು ಯಾರೇ?"

ತೂರುನ್ ಕೋಟು ಕೆಳಗಿಟ್ಟಳು. "ಈ ಕನ್ನಡಿ ತೆಗಿಯಪ್ಪಾ," ಎಂದಳು. "ನಾನು ಯಾವ ಕೆಲಸಾನೂ ನೋಡ್ಕೊಂಡು ಮಾಡಿದವಳಲ್ಲ." ಎಡಗೈಯ ಬೆರಳಿಂದ ರೆಪ್ಪೆ ಹಿಡಿದಳು, ಬಲಗೈಯಿಂದ ಬಟ್ಟಲು ಮೇಲೆತ್ತಿದಳು. ಕೂತಿತು. ಇನ್ನೊಂದು ಕಣ್ಣಿಗೂ ಹಾಗೆಯೇ ಹಾಕಿಕೊಂಡಳು. ಶೆತಿಲ್ ದೀಪ ಹಿಡಿದು ನೋಡಿ, ಗುಳ್ಳೆ ಇಲ್ಲ ಎಂದು ನಕ್ಕ.

ಎರಡು ದಡಗಳ ನಡುವೆ ಓಡಾಡುವ ಸಂಜೆಯ ದೊಡ್ಡ ದೋಣಿ ಹಿಡಿದೆವು. ಪ್ರಯಾಣಿಕರು ಕೂರುವ ಮೇಲಿನ ಕೋಣೆಗೆ ಕಾಲಿಟ್ಟ ತೂರುನ್ ಬಾಗಿಲಲ್ಲೇ ನಿಂತಳು. ಆ ತುದಿಯ ಕಿಟಕಿಯ ಹತ್ತಿರ ಹೇರ್ದಿಸ್ ಒಬ್ಬಳೇ ಕೂತಿದ್ದಳು. ನಾನು ತೋರಿಸಬೇಕಾಗಲಿಲ್ಲ. ತೂರುನ್ ಮೇಜುಗಳ ನಡುವೆ ನೆಟ್ಟಗೆ ನಡೆದು ಅವಳ ಮುಂದೆ ನಿಂತಳು.

"ಎಷ್ಟು ಬಡವಾಗಿದ್ದೀಯ ಹೇರ್ದಿಸ್," ಎಂದಳು. "ಸ್ವೆಟರ್ ಇಂಗ್ವಾಲ್ಡನದಾ? ಮೊಣಕೈ ಹತ್ರ ಬೇರೆ ನೂಲಲ್ಲಿ ಹೊಲಿದಿದ್ದೀಯ."

ಹೇರ್ದಿಸ್ ತಲೆ ಎತ್ತಿದಳು. ತೂರುನ್ ಕಣ್ಣನ್ನೇ ದಿಟ್ಟಿಸಿದಳು. ಬಿಳಿಯ ಮೇಲೆ ಲೆನ್ಸಿನ ಅಂಚು ಸಣ್ಣಗೆ ಮಿನುಗುತ್ತಿತ್ತು.

"ಹಾಗಾದ್ರೆ ಸಿಗ್ನಿ ಹೇಳಿದ್ದು ನಿಜಾನಾ?"

"ನಿಜ. ನಿನ್ನನ್ನ ಗುದ್‌ವೇಗ್ ಅಂದ್ಕೊಂಡಿದ್ದೆ."

"ಗುದ್‌ವೇಗಾ? ಈ ದೋಣಿಯಷ್ಟು ಅಗಲ ಇದ್ದಾಳಲ್ಲೇ ಅವಳು!" ಹೇರ್ದಿಸ್ ನಕ್ಕಳು. ನಗು ನಡುವೆಯೇ ಒಡೆದು ಅಳುವಾಯಿತು. ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಜಾಗ ಮಾಡಿದಳು. ಇಷ್ಟು ಸಾಕಿತ್ತು ನನಗೆ. ದೇವರೇ, ಇಷ್ಟು ಕೊಟ್ಟೆಯಲ್ಲ ಎಂದುಕೊಂಡು ಎದುರಿಗೆ ಕೂತೆ.

ಸ್ವಲ್ಪ ಹೊತ್ತಿಗೆ ಹೇರ್ದಿಸ್‌ಗೆ ಏನೋ ಹೊಳೆಯಿತು. "ಅಂದ್ರೆ ನೀನು ಇಂಗ್ವಾಲ್ಡನ ಮುಖ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ದನಿ ಗೊತ್ತು. ಹೊಗೆಸೊಪ್ಪಿನ ವಾಸನೆ ಗೊತ್ತು. ಮುಖ ನೋಡಿಲ್ಲ ಕಣೇ."

ಹೇರ್ದಿಸ್ ಫೋನು ತೆಗೆದಳು. ತೂರುನ್ ಆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಕೆನ್ನೇಲಿ ಗುಳಿ ಬೀಳ್ತಿತ್ತಾ ಅವನಿಗೆ?"

"ಬೀಳ್ತಿತ್ತು. ಒಂದೇ ಕಡೆ," ಎಂದಳು ಹೇರ್ದಿಸ್. ಗಂಡ ಹೋದ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. "ಇರು, ಇದರಲ್ಲಿ ಚೆನ್ನಾಗಿ ಕಾಣುತ್ತೆ."

ದೋಣಿ ದಡಕ್ಕೆ ತಾಗಿತು. ಎಲ್ಲರೂ ಇಳಿಯತೊಡಗಿದರು, ನಾನೂ ಎದ್ದೆ. ಅವರಿಬ್ಬರೂ ಏಳಲಿಲ್ಲ.

"ನೀನು ಮನೆಗೆ ಹೋಗಕ್ಕ," ಎಂದಳು ತೂರುನ್, ಫೋನಿನಿಂದ ಕಣ್ಣು ತೆಗೆಯದೆ. "ನಾವು ಇನ್ನೊಂದ್ಸಲ ಆಚೆ ದಡಕ್ಕೆ ಹೋಗಿ ಬರ್ತೀವಿ. ಈಗ ಇವಳ ಮದುವೆ ಫೋಟೋ ಬಂತು."