ಬಿತ್ತನೆಯ ಕಡಲೆಕಾಯಿ ತಿಂದವಳು

ಈ ವಯಸ್ಸಿಗೂ ಹುರಿದ ಕಡಲೆಬೀಜವನ್ನು ನನ್ನ ಸ್ವಂತ ಹಲ್ಲಿನಲ್ಲೇ ಕಡಿದು ತಿನ್ನುತ್ತೇನೆ. ಹೇಳಿಕೊಳ್ಳುವುದಕ್ಕೆ ಸಂಕೋಚವೇನಿಲ್ಲ. ಆದರೆ ಈ ಹೆಮ್ಮೆಯಲ್ಲಿ ಮುಕ್ಕಾಲು ಪಾಲು ಅವ್ವನದು.

ಐವತ್ತರ ದಶಕದ ಮಾತು. ಕೆಂಗೇರಿಯಲ್ಲಿ ನಮ್ಮದು ರಾಗಿ, ಕಡಲೆಕಾಯಿ ಬೆಳೆಯುವ ಮನೆ. ಉಪಾಧ್ಯಾಯಿನಿಯರ ತರಬೇತಿಗೆ ನನ್ನನ್ನು ಆರಿಸಿದ್ದರು. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ಅಷ್ಟರಲ್ಲಿ ವಿಷಮಶೀತ ಜ್ವರ ಬಂದು ಬರೀ ಮೂಳೆ ಚಕ್ಕಳವಾದೆ. ಯುಗಾದಿ ಕಳೆದ ಮೇಲೆ ಪರೀಕ್ಷೆ ಮಾಡಿದ ಡಾಕ್ಟರು, ತರಬೇತಿಗೆ ಸೇರಲು ಬೇಕಾದ ಆರೋಗ್ಯದ ಸರ್ಟಿಫಿಕೇಟು ಬರೆಯಲಿಲ್ಲ.

"ಮುಂಗಾರಿನ ಹೊತ್ತಿಗೆ ಮೈ ತುಂಬಿಕೊಂಡು ಬಾಮ್ಮ. ಹೀಗೇ ಇದ್ರೆ ಸೀಟು ಬೇರೆಯವರಿಗೆ ಹೋಗುತ್ತೆ" ಎಂದರು.

ಅವ್ವ ಮರುದಿನವೇ ಶುರುಮಾಡಿದಳು. ಬೆಳಿಗ್ಗೆ ನೆನೆಸಿದ ಕಡಲೆಬೀಜ ಒಂದು ಹಿಡಿ, ಪಿತ್ತವಾಗದಿರಲೆಂದು ಜೊತೆಗೆ ಬೆಲ್ಲ. ಮಧ್ಯಾಹ್ನ ಮುದ್ದೆ, ಬೆರಕೆ ಸೊಪ್ಪಿನ ಸಾರು. ಕಾಫಿ ಕೇಳಿದರೆ ಮಜ್ಜಿಗೆ ಬರುತ್ತಿತ್ತು. ಟೀಚರಮ್ಮ ಆಗುವವಳಿಗೆ ಬಿಳಿ ಅನ್ನವಾದರೂ ಬೇಡವೇ ಎಂದು ಮುಖ ಊದಿಸಿದರೆ, "ಮೊದ್ಲು ಆಗು ಕಣೇ, ಆಮೇಲೆ ತಿನ್ನುವಂತೆ" ಎನ್ನುತ್ತಿದ್ದಳು.

ಬಿತ್ತನೆ ಹತ್ತಿರವಾದಾಗ ಅಜ್ಜಿ ಬೀಜ ಸುಲಿಯಲೆಂದು ಬಿತ್ತನೆ ಕಾಯಿ ತುಂಬಿಟ್ಟ ಮಣ್ಣಿನ ಗುಡಾಣಕ್ಕೆ ಕೈಹಾಕಿದಳು. ಅರ್ಧ ಖಾಲಿ! ಬಿತ್ತನೆಗೆಂದು ಆರಿಸಿಟ್ಟ ಕಾಯನ್ನು ನಮ್ಮ ಮನೆಯಲ್ಲಿ ಎಂಥ ಹಸಿವಿನಲ್ಲೂ ಯಾರೂ ಮುಟ್ಟುವಂತಿರಲಿಲ್ಲ. ಇಷ್ಟು ದಿನ ನಾನು ತಿಂದದ್ದು ಅದನ್ನೇ ಎಂದು ನನಗೂ ಆಗಲೇ ಗೊತ್ತಾದದ್ದು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಬಿತ್ತನೆ ಕಾಯಿ ತಿನ್ನಿಸಿದ್ಯಲ್ಲೇ, ಈ ಮನೆ ಉದ್ಧಾರ ಆಗ್ತದಾ?" ಎಂದು ಅಜ್ಜಿ ಕೂಗಾಡಿದಳು.

ಅವ್ವ ತಲೆ ತಗ್ಗಿಸಲಿಲ್ಲ. "ಹೊಲ ಎಲ್ಲೂ ಹೋಗಲ್ಲ ಅತ್ತೆ, ಬರೋ ವರ್ಷನೂ ಬಿತ್ತಬೋದು. ಇವಳ ಸೀಟು ಕಾಯಲ್ಲ."

ಅಪ್ಪ ಇದ್ದ ಬೀಜವನ್ನು ಅರ್ಧ ಹೊಲಕ್ಕೆ ಬಿತ್ತಿ, ಉಳಿದರ್ಧಕ್ಕೆ ರಾಗಿ ಚೆಲ್ಲಿದ. ಅಜ್ಜಿ ಮಾತ್ರ ಅವ್ವನ ಜೊತೆ ಮಾತು ಬಿಟ್ಟಳು.

ಮುಂಗಾರಿಗೆ ಮತ್ತೆ ಹೋದಾಗ ಡಾಕ್ಟರು ನನ್ನನ್ನು ಎರಡು ಸಲ ತೂಕಕ್ಕೆ ನಿಲ್ಲಿಸಿದರು. ಸರ್ಟಿಫಿಕೇಟು ಬರೆಯುತ್ತಾ, "ಯಾವ ಟಾನಿಕ್ ಕೊಟ್ರಿ ತಾಯಿ?" ಎಂದು ಅವ್ವನನ್ನು ಕೇಳಿದರು.

"ಬಿತ್ತನೆ ಕಡ್ಲೇಕಾಯಿ ಸ್ವಾಮಿ" ಎಂದಳು ಅವ್ವ, ಹೊರಗೆ ಕೂತವರಿಗೂ ಕೇಳುವ ಹಾಗೆ. ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ಆ ವರ್ಷದ ಕಾಯಿ ಕಿತ್ತ ಮೇಲೆ ರಜೆಗೆ ಊರಿಗೆ ಬಂದೆ. ಅಜ್ಜಿ ಒಳ್ಳೊಳ್ಳೆಯ ಕಾಯಿ ಆರಿಸಿ ಗುಡಾಣ ತುಂಬುತ್ತಿದ್ದಳು. ಪಕ್ಕದಲ್ಲಿ ಅಂಥದೇ ಕಾಯಿ ತುಂಬಿದ ಇನ್ನೊಂದು ಚಿಕ್ಕ ಮಡಕೆಯಿತ್ತು. ಅದ್ಯಾಕೆ ಎಂದು ಕೇಳಿದೆ.

ಅಂಗಳದಲ್ಲಿ ಆಡುತ್ತಿದ್ದ ನನ್ನ ತಂಗಿಯ ಕಡೆ ನೋಡಿ ಅಜ್ಜಿ ಹೇಳಿದಳು: "ದೊಡ್ಡದು ಹೊಲಕ್ಕೆ. ಇದು ಅವಳಿಗೆ. ಅವಳೂ ಓದ್ತಾಳಂತಲ್ಲ."