ಶಂಕ್ರಮ್ಮ ಒಟ್ಟಿದ ಒಣ ಕಟ್ಟಿಗೆ

ಕಾರ್ತಿಕದ ಬೆಳಗು. ಕಲಬುರಗಿಯ ಶಹಾಬಜಾರದ ಓಣಿಗಳಲ್ಲಿ ಇನ್ನೂ ಬಾಗಿಲು ತೆರೆದಿಲ್ಲ. ನಬಿಸಾಬರ ಕಟ್ಟಿಗೆ ಅಡ್ಡೆಯಲ್ಲಿ ಮಾತ್ರ ಸದ್ದು ಶುರುವಾಗಿದೆ. ಶಂಕ್ರಮ್ಮ ಒಂದೊಂದೇ ಸೀಳನ್ನು ಎತ್ತಿ, ಕೈಯಲ್ಲಿರುವ ಗಟ್ಟಿ ಕೊರಡಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಾಳೆ. ಕೆಲವು ಬಲಕ್ಕೆ ಸೇರುತ್ತವೆ, ಕೆಲವು ಎಡಕ್ಕೆ.

“ಹಸೀದು ಥಪ್ ಅಂತದರೀ, ಒಣಗಿದ್ದು ಖಣ್ ಅಂತದ. ಕಣ್ಣು ಮೋಸ ಹೋಗ್ತಾವ, ಕಿವಿ ಹೋಗಂಗಿಲ್ಲ,” ಎನ್ನುತ್ತಾಳೆ.

ವಯಸ್ಸು ಐವತ್ತರ ಆಚೀಚೆ. ಈ 1919ಕ್ಕೆ ಅಡ್ಡೆಗೆ ಬಂದು ಇಪ್ಪತ್ತೆರಡು ವರ್ಷ. ತವರು ಕಮಲಾಪುರ. ಕಲಬುರಗಿಯ ಕಟ್ಟಿಗೆಯೂ ಬಹುಪಾಲು ಅಲ್ಲಿಂದಲೇ ಬರುತ್ತದೆ. ಬೇಸಿಗೆಯಲ್ಲಿ ಕಡಿದ ಜಾಲಿ, ಬೇವುಗಳನ್ನು ದಿನಕ್ಕೆ ನಾಲ್ಕು ಬಂಡಿ ತಂದು ಸುರಿಯುತ್ತವೆ. ಸೀಳಿದ್ದನ್ನು ಚಳಿಗಾಲದ ಹೊತ್ತಿಗೆ ಒಣಗಿಸಿ ಕೊಡುವುದು ಶಂಕ್ರಮ್ಮನ ಕೆಲಸ. ಬಾಣಂತಿಯರ ಕೋಣೆಗೆ, ಮುದುಕರ ಮಗ್ಗುಲಿಗೆ ಇಡುವ ಶಗಡಿಯ ಕೆಂಡ ಹೊಗೆಯಾಡಬಾರದು.

ನೆಲದ ತೇವ ತಾಕದಂತೆ ಮೊದಲು ಎರಡು ಸಾಲು ಕಲ್ಲು. ಅದರ ಮೇಲೆ ಸೀಳು. “ನಡುವ ಬೆರಳು ಹೋಗಬೇಕು, ಕೈ ಹೋಗಬಾರದು. ಗಾಳಿಗಿ ದಾರಿ ಬಿಡದಿದ್ರ ಕಟ್ಟಿಗಿ ಒಳಗ ಕೊಳೀತದ.” ಮಳೆಗಾಲಕ್ಕೆ ನೆತ್ತಿಗೆ ಜೋಳದ ಕಣಿಕೆ ಹೊದಿಸಿ, ಮಗ್ಗುಲು ಬಯಲು ಬಿಡುತ್ತಾಳೆ. ದಿನಕ್ಕೆ ಸಾವಿರ ಸೀಳಾದರೂ ಕೈ ದಾಟುತ್ತವೆ. ಜಾಲಿಯ ಮುಳ್ಳು ನಂಜಾಗಿ ಎಡಗೈಯ ಎರಡು ಉಗುರು ಉದುರಿ ಹೋಗಿವೆ.

ಗಂಡ ದೌಲಪ್ಪ ಇದೇ ಅಡ್ಡೆಯಲ್ಲಿ ಕೊಡಲಿ ಹಿಡಿದವನು. ಅವನು ಸೀಳುತ್ತಿದ್ದ, ಈಕೆ ಒಟ್ಟುತ್ತಿದ್ದಳು. ದಮ್ಮು ಹತ್ತಿದ ಮೇಲೆ ಕೊಡಲಿ ಮೂಲೆ ಸೇರಿತು. ಥಂಡಿ ಬಿದ್ದರೆ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಹೊಗೆ ತಾಗಿದರಂತೂ ಕಣ್ಣು ಮೇಲಾಗುತ್ತಿತ್ತು. ಅದಕ್ಕೇ ಶಂಕ್ರಮ್ಮ ಪ್ರತಿ ವರ್ಷ ಮನೆಯ ಹಿತ್ತಲಲ್ಲಿ ಅವನಿಗೆಂದೇ ಒಂದು ಒಟ್ಟಿಲು ಒಣಗಿಸಿ ಇಡುತ್ತಿದ್ದಳು.

ಹೋದ ವರ್ಷ ಇದೇ ಹೊತ್ತಿಗೆ ಊರಿಗೆ ಜ್ವರ ಬಂತು. ಓಣಿಗೆ ಎರಡು, ಮೂರು ಹೆಣ. ಅಡ್ಡೆಯ ಒಣ ಕಟ್ಟಿಗೆಯೆಲ್ಲ ಹನ್ನೆರಡು ದಿನದಲ್ಲಿ ಸುಡುಗಾಡಿಗೆ ಹೋಯಿತು. ಬಂಡಿ ಹೊಡೆಯುವವರೇ ಮಲಗಿದ್ದರಿಂದ ಕಮಲಾಪುರದಿಂದ ಒಂದು ಗಾಲಿಯೂ ಉರುಳಲಿಲ್ಲ. ಹದಿಮೂರನೆಯ ದಿನ ಬೆಳಗ್ಗೆ, ಸಾಲಿ ಮಾಸ್ತರ ಪ್ರಹ್ಲಾದರಾಯರು ಶಂಕ್ರಮ್ಮನ ಮನೆಯ ಮುಂದೆ ಬಂದು ನಿಂತರು. ಮೈಮೇಲೆ ಅಂಗಿಯಿಲ್ಲ, ಕಾಲಲ್ಲಿ ಜೋಡಿಲ್ಲ.

“ಶಂಕ್ರಮ್ಮಾ, ಮೂರು ಅಡ್ಡಾ ತಿರುಗಿ ಬಂದೆ. ಎಲ್ಲೂ ಇಲ್ಲ. ನಮ್ಮ ಮಗಳು ಜಾನಕಿ ಅಂಗಳದಾಗ ಮಲಗ್ಯಾಳ. ಮೊನ್ನಿ ನಮ್ಮ ಅಣ್ಣಗ ಹಸೀ ಕಟ್ಟಿಗಿ ಇಟ್ಟಿದ್ವಿ. ಅದು ಪೂರಾ…” ಅವರು ಗೋಡೆ ಹಿಡಿದರು.

ಶಂಕ್ರಮ್ಮ ಹಿತ್ತಲ ಒಟ್ಟಿಲಿನ ಕಡೆ ತಿರುಗಿ ನೋಡಿದಳು. ಒಳಗೆ ಹೊರಸಿನ ಮೇಲಿದ್ದ ದೌಲಪ್ಪ ಎಲ್ಲ ಕೇಳಿಸಿಕೊಂಡಿದ್ದ. “ಕೊಡು,” ಎಂದ. ಸ್ವಲ್ಪ ಸುಧಾರಿಸಿಕೊಂಡು, “ನಾ ಇನ್ನಾ ಉಸಿರಾಡಾಕತ್ತೀನಲ್ಲ,” ಎಂದ.

ಕೊಟ್ಟಳು. ಸುದ್ದಿ ಹಬ್ಬಿತು. ಮರುದಿನ ಇಬ್ಬರು ಬಂದರು, ಅದರ ಮರುದಿನ ನಾಲ್ವರು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲು ಆಕೆಗೆ ಆಗಲಿಲ್ಲ. ಮೂರು ದಿನದಲ್ಲಿ ಹಿತ್ತಲಲ್ಲಿ ಕಲ್ಲಿನ ಸಾಲು ಮಾತ್ರ ಉಳಿಯಿತು.

ಪುಷ್ಯದ ಚಳಿಗೆ ಜ್ವರ ಇಳಿದಿತ್ತು, ಬಂಡಿಗಳೂ ಬಂದವು. ಬಂದದ್ದೆಲ್ಲ ಹಸಿ. ಶಂಕ್ರಮ್ಮ ಅದನ್ನು ಬೆರಳು ದಪ್ಪಕ್ಕೆ ಸೀಳಿ ಬಿಸಿಲಿಗೆ ಹರಡಿದಳು, ಒಲೆಯ ಮಗ್ಗುಲಲ್ಲಿ ಪೇರಿಸಿದಳು. ಆದರೂ ಹೊಗೆ ನಿಲ್ಲಲಿಲ್ಲ. “ಶಗಡಿ ಒಳಗ ಇಟ್ರ ಹೊಗಿ, ಹೊರಗ ಇಟ್ರ ಥಂಡಿ. ತಿಂಗಳಾನುಗಟ್ಲೆ ಒಳಗ ತಂದೆ, ಹೊರಗ ಒಯ್ದೆ.” ಒಂದು ಮುಂಜಾನೆ ಶಗಡಿಯನ್ನು ಅಂಗಳದಲ್ಲಿಟ್ಟು ಆಕೆ ಒಳಗೆ ಬರುವಷ್ಟರಲ್ಲಿ ದೌಲಪ್ಪನ ಕೆಮ್ಮು ನಿಂತಿತ್ತು.

“ನಮ್ಮದು ಮಣ್ಣರೀ, ಸುಡೂದಿಲ್ಲ,” ಎನ್ನುತ್ತಾಳೆ ಶಂಕ್ರಮ್ಮ, ಸೆರಗಿನಿಂದ ಕೈಯ ಧೂಳು ಒರೆಸುತ್ತ. “ಹೋಗೂಮುಂದ ಅವರಿಗಿ ಒಂದು ಕಡ್ಡಿ ಸೈತ ಬೇಕಾಗಲಿಲ್ಲ. ಇದ್ದಾಗ ಬೇಕಾಗಿತ್ತು.”

ಕೊಟ್ಟದ್ದಕ್ಕೆ ನೋವಿದೆಯೇ ಎಂದು ಕೇಳಿದರೆ ಆಕೆ ಇನ್ನೊಂದು ಸೀಳನ್ನು ಎತ್ತಿ ಬಡಿಯುತ್ತಾಳೆ. “ತಪ್ಪು ಅಂತ ಹೆಂಗ ಹೇಳ್ಲಿ? ಮಾಸ್ತರ ಮಾರಿ ನೋಡೀನಿ ನಾ. ಸರಿ ಅಂತನೂ ಬಾಯಿಲೆ ಬರಂಗಿಲ್ಲ.”

ಈ ವರ್ಷ ಅಡ್ಡೆಯಲ್ಲಿ ಹದಿನೆಂಟು ಒಟ್ಟಿಲು ಎದ್ದಿವೆ. ಇಷ್ಟು ಯಾವ ವರ್ಷವೂ ಇರಲಿಲ್ಲ, ಒಬ್ಬಳೇ ಹೇಗೆ ಒಟ್ಟಿದಳೋ ಎಂದು ನಬಿಸಾಬರಿಗೇ ಅಚ್ಚರಿ. ಬಿಸಿಲೇರುತ್ತಿದ್ದಂತೆ ಮೊದಲ ಗಾಡಿ ತುಂಬುತ್ತದೆ. ಎಲ್ಲಿಗೆ ಹೋಗುತ್ತದೆಂದು ಶಂಕ್ರಮ್ಮ ಗಾಡಿಯವನನ್ನು ಕೇಳುತ್ತಾಳೆ. ಮೋಮಿನಪುರದಲ್ಲಿ ಒಬ್ಬ ಬಾಣಂತಿಯ ಮನೆಗೆ ಎನ್ನುತ್ತಾನೆ ಅವನು. ಆಕೆ ಇನ್ನೂ ನಾಲ್ಕು ಸೀಳು ಬಡಿದು ನೋಡಿ ಮೇಲೆ ಇಡುತ್ತಾಳೆ.

“ಈ ವರ್ಷ ಎಲ್ಲಾ ಬದುಕಿದ್ದವರಿಗೇ ಹೋಗಲಿರೀ,” ಎನ್ನುತ್ತಾಳೆ. “ನನಗ ಮತ್ತೇನೂ ಬ್ಯಾಡ.”